ಮುನಿಶಾಮಣ್ಣನಿಂದ ಬಚ್ಚಿಟ್ಟ ಎಂಟು ದಿನ

ಏಪ್ರಿಲ್‌ನಲ್ಲಿ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದಿರುವ ಗಿರಣಿಯ ಕಡೆ ನಾನು ಹೋಗುವುದಿಲ್ಲ. ಆವಕಾಯಿ ಉಪ್ಪಿನಕಾಯಿ ಹಾಕುವ ಕಾಲ ಅದು. ಹೆಂಗಸರು ಸ್ಟೀಲ್ ಡಬ್ಬಿಗಳಲ್ಲಿ ಸಾಸಿವೆ ತಂದು ಸಾಲಾಗಿ ನಿಂತಿರುತ್ತಾರೆ. ಒಬ್ಬರು ತಮಿಳಿನಲ್ಲಿ ಜಗಳ ತೆಗೆದರೆ ಇನ್ನೊಬ್ಬರು ತೆಲುಗಿನಲ್ಲಿ ಉತ್ತರ ಕೊಡುತ್ತಾರೆ, ಗಿರಣಿಯವನು ಕನ್ನಡದಲ್ಲಿ ಇಬ್ಬರನ್ನೂ ಬೈಯುತ್ತಾನೆ. ರಾಣೆಬೆನ್ನೂರು ಕಡೆಯವರಾದ ನಮಗೆ ಆವಕಾಯಿ ಎಲ್ಲಿ ಗೊತ್ತಿತ್ತು? ಹದಿನಾಲ್ಕು ವರ್ಷ ಕೆಜಿಎಫ್‌ನ ಕಾರ್ಖಾನೆ ಕ್ವಾರ್ಟರ್ಸಿನಲ್ಲಿದ್ದು ನನ್ನ ಹೆಂಡತಿ ಸುಮಾ ಕಲಿತದ್ದು. ಈ ವರ್ಷ ಅವಳಿಗೆ ಸೊಂಟ ಹಿಡಿಯಿತು, ಡಬ್ಬಿ ನನ್ನ ಕೈಗೆ ಬಂತು. ಹಸಿ ಸಾಸಿವೆಯ ಪುಡಿ ಬೀಳತೊಡಗಿದ್ದೇ ತಡ, ಆ ಘಾಟು ನೇರ ನೆತ್ತಿಗೇರಿತು. "ಏನ್ ಸಾರ್, ಇಷ್ಟಕ್ಕೇ ಕಣ್ಣಲ್ಲಿ ನೀರಾ?" ಅಂತ ಗಿರಣಿಯವನು ನಕ್ಕ. ನಾನೂ ನಕ್ಕೆ. ಆದರೆ ನನಗೆ ಕಾಣುತ್ತಿದ್ದದ್ದು ಫ್ರಾನ್ಸಿನ ದಿಜೋನ್ ಎಂಬ ಊರಿನ ಒಂದು ಸಣ್ಣ ಹೋಟೆಲಿನ ತಿಂಡಿಯ ಕೋಣೆ, ಮೇಜಿನ ಮೇಲೆ ಅರೆದ ಸಾಸಿವೆಯ ಪಿಂಗಾಣಿ ಜಾಡಿ, ಅದರ ಹಿಂದೆ ಕೂತ ಮುನಿಶಾಮಣ್ಣ.

ನಾಲ್ಕು ವರ್ಷದ ಹಿಂದಿನ ಕಾರ್ತಿಕ ಮಾಸ. ನಮ್ಮ ಕಾರ್ಖಾನೆಗೆ ಗಿಯರುಗಳನ್ನು ಪರೀಕ್ಷಿಸುವ ಒಂದು ಯಂತ್ರ ಬರಬೇಕಿತ್ತು. ಅದನ್ನು ಕಟ್ಟಿದವರು ದಿಜೋನಿನ ಹೊರವಲಯದಲ್ಲಿದ್ದರು. ಹಡಗಿಗೆ ಹಾಕುವ ಮುಂಚೆ ಇಲ್ಲಿಂದ ಇಬ್ಬರು ಹೋಗಿ, ಓಡಿಸಿ ನೋಡಿ, ಸಹಿ ಹಾಕಬೇಕು. ಇಂಜಿನಿಯರ್ ಅಂತ ನಾನು, ಯಂತ್ರ ಬಲ್ಲವರು ಅಂತ ಮುನಿಶಾಮಪ್ಪ, ನನ್ನ ಬಾಯಲ್ಲಿ ಮುನಿಶಾಮಣ್ಣ. ಇವೆರಡೂ ಬೇರೆ ಬೇರೆ ಅನ್ನುವುದು ನಮ್ಮ ಮಷಿನ್ ಶಾಪಿನಲ್ಲಿ ಎಲ್ಲರಿಗೂ ಗೊತ್ತು, ನನಗಂತೂ ಚೆನ್ನಾಗಿ ಗೊತ್ತು. ಬೇರಿಂಗ್ ಕೆಟ್ಟಿದೆಯೋ ಇಲ್ಲವೋ ಅಂತ ನಾನು ಮೀಟರ್ ತರಿಸುವಷ್ಟರಲ್ಲಿ ಅವರು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಹೇಳಿಬಿಡುತ್ತಿದ್ದರು.

ಬೂದಿಕೋಟೆಯಿಂದಾಚೆ ಒಂದು ಹಳ್ಳಿ ಅವರದು. ಮೂವತ್ತು ವರ್ಷಕ್ಕೂ ಮೇಲೆ ಅಲ್ಲಿಂದ ಬಂಗಾರಪೇಟೆಗೆ ಒಂದು ಬಸ್ಸು, ಬಂಗಾರಪೇಟೆಯಿಂದ ಕಾರ್ಖಾನೆಗೆ ಇನ್ನೊಂದು ಬಸ್ಸು ಹಿಡಿದು ಬಂದವರು. ಗೇಟಿನ ಒಳಗೆ ನನ್ನನ್ನು 'ಸಾರ್' ಅನ್ನುತ್ತಿದ್ದರು, ಗೇಟು ದಾಟಿದರೆ 'ಪಾಟೀಲಪ್ಪ'. ಮಕ್ಕಳಿಲ್ಲ. ಮನೆಯಲ್ಲಿ ಹೆಂಡತಿ ಲಚ್ಚಮ್ಮ, ಮೂರು ಹಸು, ಎಕರೆ ರಾಗಿ ಹೊಲ. ಪಕ್ಕದ ಮನೆಯಲ್ಲಿ ತಮ್ಮ ನಾರಾಯಣಸ್ವಾಮಿ. ಹೊರಡುವ ದಿನ ಲಚ್ಚಮ್ಮ ರಾಗಿ ಹುರಿಹಿಟ್ಟಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಇವ್ರಿಗೆ ಕೊಟ್ರೆ ಒಂದೇ ದಿನಕ್ಕೆ ತಿಂದು ಮುಗಿಸ್ತಾರೆ, ನೀವೇ ಮಡಿಕ್ಕೊಂಡು ದಿನಾ ಒಸಿ ಒಸಿ ಕೊಡಿ ಸಾಮಿ" ಅಂದಿದ್ದರು. ಗಂಡನನ್ನು ನನಗೆ ಒಪ್ಪಿಸಿಕೊಟ್ಟಂತೆಯೇ ಆಯಿತು ಅದು.

ದಿಜೋನಿನಲ್ಲಿ ಆಗ ಏನೋ ಮೇಳ ನಡೆಯುತ್ತಿತ್ತು, ದೊಡ್ಡ ಹೋಟೆಲುಗಳೆಲ್ಲ ತುಂಬಿದ್ದವು. ಹಾಗಾಗಿ ಹಳೇ ಪೇಟೆಯ ಗಲ್ಲಿಯೊಂದರ ಎಂಟು ಕೋಣೆಗಳ ಹೋಟೆಲು ನಮ್ಮ ಪಾಲಿಗೆ ಬಂತು. ನಾನೂರು ವರ್ಷದ ಮರದ ತೊಲೆಗಳ ಮನೆ. ಲಿಫ್ಟ್ ಇಲ್ಲ, ಸುತ್ತಿ ಸುತ್ತಿ ಹತ್ತುವ ಕಲ್ಲಿನ ಮೆಟ್ಟಿಲು. ಕೋಣೆಗಳಿಗೆ ನಂಬರಿಲ್ಲ, ಒಂದೊಂದಕ್ಕೂ ಒಂದೊಂದು ಬಣ್ಣ. ಮುನಿಶಾಮಣ್ಣನದು ಮಾಡಿನ ಕೆಳಗಿನ ನೀಲಿ ಕೋಣೆ. ಅಲ್ಲಿ ಮಂಚದ ಪಕ್ಕದಲ್ಲೇ, ಮರೆ ಗಿರೆ ಏನೂ ಇಲ್ಲದೆ, ಒಂದು ಬಿಳಿ ಸ್ನಾನದ ತೊಟ್ಟಿ ಇತ್ತು. "ಮನೆ ಮಧ್ಯದಾಗೆ ಬಚ್ಚಲು! ಯಾವ ತಿಕ್ಕಲ ಕಟ್ಟಿದ್ದಪ್ಪಾ ಇದನ್ನ?" ಅಂತ ಮೊದಲ ದಿನ ಸೊಂಟಕ್ಕೆ ಕೈಯಿಟ್ಟು ನಿಂತರು. ಆಮೇಲೆ ತೊಲೆಗಳನ್ನು ಬೆರಳಿಂದ ತಟ್ಟಿ, ಒಂದು ಕಣ್ಣು ಮುಚ್ಚಿ ನೋಡಿ, "ನೂಲು ಇಡ್ದಂಗೈತೆ ಕಣಪ್ಪ, ಕಟ್ಟಿದೋನು ಕೆಲಸಗಾರ" ಅಂತ ಮಾಫಿ ಕೊಟ್ಟರು.

ಹೋಟೆಲಿನ ಒಡತಿಯನ್ನು ನಾವು ಮದಾಮ್ ಅನ್ನುತ್ತಿದ್ದೆವು. ಅರವತ್ತು ದಾಟಿದ್ದ ವಿಧವೆ. ತಾನೇ ತಿಂಡಿ ಮಾಡಿ, ತಾನೇ ಬಡಿಸುತ್ತಿದ್ದಳು. ಅವಳ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಅಷ್ಟಕ್ಕಷ್ಟೆ, ಆದ್ದರಿಂದ ಮಾತು ಚೆನ್ನಾಗಿಯೇ ನಡೆಯುತ್ತಿತ್ತು. ಮುನಿಶಾಮಣ್ಣ ಅವಳ ಜೊತೆ ಕನ್ನಡವನ್ನೇ ಆಡುತ್ತಿದ್ದರು. "ಒಗ್ಗರಣೆಗೆ ಆಕೋ ಸಾಸಿವೆನ ಅರೆದು ಬ್ರೆಡ್ಡಿಗೆ ಬಳೀತೀಯಲ್ಲಮ್ಮ, ಉಷ್ಣ ಆಗಲ್ವಾ?" ಅಂತ ಕೇಳಿದರೆ ಅವಳು ನಕ್ಕು ಇನ್ನೊಂದು ಬ್ರೆಡ್ಡು ತಂದಿಡುತ್ತಿದ್ದಳು.

ಅಲ್ಲಿನ ಮಧ್ಯಾಹ್ನ ಅಂದರೆ ನಮ್ಮ ಸಂಜೆ. ಡೇರಿಗೆ ಹಾಲು ಹಾಕಿ ಬಂದು ಲಚ್ಚಮ್ಮ ದಿನಾ ವಿಡಿಯೋ ಕಾಲ್ ಮಾಡುತ್ತಿದ್ದರು. ಶನಿವಾರದ ಕರೆಯಲ್ಲಿ ಗಂಡ ತೊಟ್ಟಿ ತೋರಿಸಿದ್ದಕ್ಕೆ, "ಕೆಲಸಕ್ಕೆ ಓಗಿದ್ದೀಯೋ ನೀರಾಟ ಆಡಕ್ಕೆ ಓಗಿದ್ದೀಯೋ?" ಅಂತ ಗದರಿದರು. ಕೊನೆಗೆ, "ಎಡಗೈ ಯಾಕೋ ಜೋಮು ಇಡಿದಂಗೆ ಆಯ್ತದೆ ಕಣಯ್ಯ" ಅಂದರು. "ಆಲು ಕರೆದೂ ಕರೆದೂ ಅಂಗಾಗೈತೆ. ನಾನ್ ಬಂದ್ಮೇಲೆ ಡಾಕ್ಟ್ರ ತಾವ ಓಗನ ಬಿಡು" ಅಂತ ಇವರು ಹೇಳಿದರು. ನಾನು ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದೆ.

ಮಾರನೇ ದಿನ ಭಾನುವಾರ, ರಜೆ. ಬೆಳಿಗ್ಗೆ ಎಂಟಕ್ಕೆ ನಾನೊಬ್ಬನೇ ತಿಂಡಿಗೆ ಇಳಿದಿದ್ದೆ. ನಾರಾಯಣಸ್ವಾಮಿಯ ಫೋನು ಬಂತು.

"ಸಾರ್, ಅಣ್ಣ ಪಕ್ಕದಾಗವ್ರಾ?"

"ಇಲ್ಲ, ಮೇಲಿದ್ದಾರೆ. ಏನಾಯ್ತು?"

"ಅತ್ಗೆ ಓಗ್ಬುಟ್ರು ಸಾರ್. ಬೆಳಿಗ್ಗೆ ಆಲು ಕರೀತಿದ್ದೋರು ಕೊಟ್ಟಿಗೇಲೇ ಕುಸಿದ್ರು. ಬಂಗಾರಪೇಟೆ ಆಸ್ಪತ್ರೆಗೆ ಓಗೋ ದಾರಿಯಾಗೇ..."

ಮುಂದಿನದನ್ನು ಅವನೇ ಹೇಳಿದ. ದೊಡ್ಡವರೆಲ್ಲ ಕೂತು ತೀರ್ಮಾನ ಮಾಡಿದ್ದಾರೆ, ಸಂಜೆಗೇ ಮಣ್ಣು. "ಅಣ್ಣಂಗೆ ಈಗ ಯೋಳ್ಬೇಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ. ಬಿಪಿ, ಶುಗರ್ ಎರಡೂ ಐತೆ. ಕಾಣದ ದೇಶದಾಗೆ ಅವ್ರೂ ಬಿದ್ದೋದ್ರೆ ಯಾರು ಇಡ್ಕೊತಾರೆ? ಎಂಗೂ ತಿಥಿಗೆ ಮುಂಚೆ ಬಂದುಬುಡ್ತೀರಲ್ಲ. ಬಂದ್ಮೇಲೆ ನಾವೇ ಯೋಳ್ತೀವಿ."

ನಮ್ಮಲ್ಲಿ ಇದು ಹೊಸದಲ್ಲ. ದೂರದಲ್ಲಿರುವವರಿಗೆ ಸಾವನ್ನು ಸಾವು ಅಂತ ಹೇಳುವುದಿಲ್ಲ. 'ಸ್ವಲ್ಪ ಹುಷಾರಿಲ್ಲ, ಹೊರಟು ಬಾ' ಅನ್ನುತ್ತೇವೆ, ದಾರಿಯುದ್ದಕ್ಕೂ ಆಸೆ ಇಟ್ಟುಕೊಂಡು ಬರಲಿ ಅನ್ನುತ್ತೇವೆ, ಮನೆಯ ಬಾಗಿಲಲ್ಲಿ ಹೆಣ ತೋರಿಸುತ್ತೇವೆ. ಅದನ್ನು ಕರುಣೆ ಅಂದುಕೊಂಡಿದ್ದೇವೆ. ನಾರಾಯಣಸ್ವಾಮಿಯೂ ಹಾಗೇ ಅಂದುಕೊಂಡಿದ್ದ, ಅವನದು ಕೆಟ್ಟ ಮನಸ್ಸಲ್ಲ. ಆದರೆ 'ಹುಷಾರಿಲ್ಲ, ಬಾ' ಅನ್ನುವಷ್ಟೂ ಬೇಡ ಅಂದರಲ್ಲ, ಅಲ್ಲಿ ನಾನು ತಡೆಯಬೇಕಿತ್ತು.

ತಡೆಯಲಿಲ್ಲ. ಯಾಕೆ ಅಂತ ಇಷ್ಟು ವರ್ಷ ನನಗೆ ನಾನೇ ಬಣ್ಣ ಬಣ್ಣದ ಕಾರಣ ಕೊಟ್ಟುಕೊಂಡಿದ್ದೇನೆ. ಇಲ್ಲಿ ಒಂದು ಸಲ ನೆಟ್ಟಗೆ ಬರೆದುಬಿಡುತ್ತೇನೆ. ಊರಿಗೆ, ಮ್ಯಾನೇಜರಿಗೆ ಫೋನು ಮಾಡಿದೆ. "ಅವರ ಮನೆಯವರೇ ಬೇಡ ಅಂದಮೇಲೆ ನಮಗ್ಯಾಕ್ರೀ? ಇಬ್ಬರ ಸಹಿ ಇಲ್ಲದೆ ಯಂತ್ರ ಹೊರಡೋದಿಲ್ಲ, ನೋಡಿ" ಅಂದರು. ಮುನಿಶಾಮಣ್ಣ ಹೊರಟರೆ ಆ ಯಂತ್ರದ ಮುಂದೆ ನಾನೊಬ್ಬನೇ ನಿಲ್ಲಬೇಕು. ನನಗೆ ಬರುವುದಿಲ್ಲ ಅನ್ನುವುದು ಬಯಲಾಗುತ್ತದೆ. ಆ ವರ್ಷ ನನ್ನ ಪ್ರಮೋಷನ್ ಬೇರೆ ಇತ್ತು. ಅಷ್ಟೇ, ಇನ್ನೇನಿಲ್ಲ. ಥೂ, ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವರಿನ್ನೂ ಇಳಿದು ಬಂದಿರಲಿಲ್ಲ. ಮದಾಮ್ ಹತ್ತಿರ ಹೋಗಿ, ನೀಲಿ ಕೋಣೆಯವರು ಕೇಳಿದರೆ ಹೋಟೆಲಿನ ಇಂಟರ್ನೆಟ್ ಕೆಟ್ಟಿದೆ ಅಂತ ಹೇಳುತ್ತೀರಾ ಅಂದೆ. ಯಾಕೆ ಅಂದಳು. ಹೇಳಿದೆ. ಕಾಫಿಯ ಪಾತ್ರೆಯನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅವರ ಹೆಂಡತಿಯಾ? ಅವರಿಗೆ ಗೊತ್ತಿಲ್ಲವಾ?"

"ಅವರ ಮನೆಯವರ ಇಷ್ಟ ಇದು."

"ಪ್ಯಾರಿಸ್ಸಿಗೆ ಗಂಟೆಗೊಂದು ರೈಲಿದೆ. ಇವತ್ತೇ ವಿಮಾನ ಹತ್ತಬಹುದು. ಹೇಳಿ, ನಾನು ಟಿಕೆಟ್ ನೋಡುತ್ತೇನೆ."

ಅವಳು ಹೇಳಿದ್ದು ನಿಜ. ಸೋಮವಾರ ಸಂಜೆಯೊಳಗೆ ಮುನಿಶಾಮಣ್ಣ ಬೂದಿಕೋಟೆ ತಲುಪಬಹುದಿತ್ತು. ಒಂದು ದಿನ ಹೆಣ ಇಡುವುದು ಏನು ದೊಡ್ಡದು? ಐಸ್ ಪೆಟ್ಟಿಗೆ ಕೆಜಿಎಫ್‌ನಲ್ಲಿ ಬಾಡಿಗೆಗೆ ಸಿಗುತ್ತದೆ, ನಾನೇ ಎಷ್ಟೋ ಸಲ ಹೊತ್ತಿದ್ದೇನೆ. ನಾನು ಅಡ್ಡಡ್ಡ ತಲೆಯಾಡಿಸಿದೆ. "ನಿಮಗೆ ನಮ್ಮ ಪದ್ಧತಿ ಗೊತ್ತಾಗುವುದಿಲ್ಲ" ಅಂದೆ. ಎಂಥಾ ದೊಡ್ಡ ಮಾತು! ಅವಳು, "ನಾನಾಗಿ ಹೇಳುವುದಿಲ್ಲ, ಅದು ನಿಮ್ಮ ಕೆಲಸ. ಆದರೆ ಸುಳ್ಳನ್ನೂ ಹೇಳುವುದಿಲ್ಲ" ಅಂದು ಒಳಗೆ ಹೋದಳು.

ಸರಿ, ಸುಳ್ಳನ್ನು ನಾನೇ ಹೇಳಿದೆ. ಅವರ ಫೋನಿಗೆ ಅಲ್ಲಿನ ಸಿಮ್ ಹಾಕಿಕೊಟ್ಟಿದ್ದವನು ನಾನೇ. ಅವರು ತಿಂಡಿ ತಿನ್ನುವಾಗ, "ಕೊಡಿ, ಏನೋ ಅಪ್‌ಡೇಟ್ ಮಾಡಬೇಕು" ಅಂತ ಇಸಿದುಕೊಂಡು ಸಿಮ್ ತೆಗೆದು ನನ್ನ ಪರ್ಸಿಗೆ ಹಾಕಿಕೊಂಡೆ. ಹೋಟೆಲಿನ ವೈಫೈ ಪಾಸ್ವರ್ಡನ್ನೂ ಅದರಿಂದ ಅಳಿಸಿಹಾಕಿದೆ. ಫೋನು ಕೆಟ್ಟಿದೆ, ಊರಿಗೆ ಹೋದಮೇಲೆ ನೋಡೋಣ ಅಂದೆ. "ಓಗ್ಲಿ ಬಿಡು, ಅವಳ ಬೈಗುಳ ಒಂದ್ ದಿನ ತಪ್ತು" ಅಂದರು.

ಆ ಮಧ್ಯಾಹ್ನ ಅವರಿಗೆ ಕೋಳಿ ತಿನ್ನುವ ಮನಸ್ಸಾಯಿತು. ಹಳೇ ಪೇಟೆಯ ಒಂದು ಊಟದ ಮನೆಯಲ್ಲಿ ಸಾಸಿವೆ ಹಾಕಿ ಬೇಯಿಸಿದ ಕೋಳಿ ಕೊಟ್ಟರು. ನಾನು ಗಡಿಯಾರ ನೋಡಿದೆ. ಒಂದೂವರೆ. ಊರಲ್ಲಿ ಆರು ಗಂಟೆ, ಮಣ್ಣು ಮಾಡುವ ಹೊತ್ತು. ಎದುರಿಗೆ ಈ ಮನುಷ್ಯ ಮೂಳೆ ಚೀಪುತ್ತಾ, "ಲಚ್ಚಿ ಮಾಡೋ ಸಾರಿನ ಮುಂದೆ ಇದು ಏನೂ ಅಲ್ಲ ಕಣಪ್ಪ. ಆದ್ರೂ ಪರವಾಗಿಲ್ಲ" ಅನ್ನುತ್ತಿದ್ದರು. ಲಿಂಗಾಯತನಾದ ನಾನು ಬರೀ ಬ್ರೆಡ್ಡು ಮುರಿಯುತ್ತಾ ಕೂತಿದ್ದೆ. "ಯಾಕಪ್ಪಾ ಮಂಕಾಗಿದ್ದೀಯ? ಮನೆ ನೆನಪಾಯ್ತಾ?" ಅಂತ ನನ್ನ ಬೆನ್ನು ತಟ್ಟಿದರು.

ಸೋಮವಾರದಿಂದ ಅವರು ನನ್ನ ಫೋನಿನಿಂದ ಊರಿಗೆ ಮಾಡತೊಡಗಿದರು. ನಾರಾಯಣಸ್ವಾಮಿ ಕಥೆ ಕಟ್ಟಿಟ್ಟಿದ್ದ. ಅತ್ತಿಗೆ ಕಾಮಸಮುದ್ರಕ್ಕೆ ಹೋಗಿದ್ದಾರೆ, ಅಕ್ಕನ ಮಗಳ ಬಾಣಂತನ, ಅಲ್ಲಿ ಸಿಗ್ನಲ್ ಇಲ್ಲ. "ಅಸುಗಳನ್ನ ಯಾರು ಕರೀತಾರ್ಲಾ ಅಂಗಾದ್ರೆ?" ಅಂತ ಇವರು ಗುರ್ ಅಂದರು. "ನಾನೇ ಕರೀತಿವ್ನಿ ಅಣ್ಣ" ಅಂತ ಅವನು. ಅವನ ದನಿ ನಡುಗುತ್ತಿದ್ದದ್ದು ನನಗೆ ಕೇಳುತ್ತಿತ್ತು, ಇವರಿಗೆ ಕೇಳಲಿಲ್ಲ. ಬೇರಿಂಗಿನ ಸಣ್ಣ ಗೊರಕೆಯನ್ನೂ ಹಿಡಿಯುವ ಕಿವಿ ಅದು. ನಂಬಿದವರ ಮಾತಿಗೆ ಯಾರೂ ಸ್ಕ್ರೂಡ್ರೈವರ್ ಹಚ್ಚಿ ಕೇಳುವುದಿಲ್ಲವಲ್ಲ.

ಚಳಿ ಹೆಚ್ಚಿತು. ದಿನಾ ಬೂದುಬಣ್ಣದ ಆಕಾಶ, ನಾಲ್ಕೂವರೆಗೇ ದೀಪ ಹಚ್ಚುತ್ತಿದ್ದರು. ಯಂತ್ರದ ಕೆಲಸ ಚೆನ್ನಾಗಿ ನಡೆಯಿತು, ಎರಡು ದೋಷಗಳನ್ನು ಮುನಿಶಾಮಣ್ಣ ಹಿಡಿದರು, ಅಲ್ಲಿನ ಮುದಿ ಫೋರ್‌ಮನ್ ಒಬ್ಬ ಎದ್ದು ಬಂದು ಅವರ ಕೈ ಕುಲುಕಿದ. ಹೋಟೆಲಿನಲ್ಲಿ ಮಾತ್ರ ಮದಾಮ್ ಮೊದಲಿನ ಹಾಗಿರಲಿಲ್ಲ. ಅವರಿಗೆ ಬಡಿಸುವಾಗ ಕಣ್ಣು ತಪ್ಪಿಸುತ್ತಿದ್ದಳು, ನನ್ನ ಲೋಟವನ್ನು ಕುಕ್ಕಿ ಇಡುತ್ತಿದ್ದಳು. "ಆಯಮ್ಮಂಗೆ ನಾನೇನು ತಪ್ಪು ಮಾಡಿದೆ?" ಅಂತ ಇವರಿಗೆ ಚಿಂತೆ. ಶುಕ್ರವಾರ ಇವರು ಒಂದು ಸಾಸಿವೆ ಕಾಳು ತೋರಿಸಿ, ಭೂಮಿಗೆ ಬಿತ್ತುವ ಹಾಗೆ ಕೈಯಾಡಿಸಿ, "ಬಿತ್ನೆಗೆ ಬೇಕಮ್ಮ, ಒಸಿ ಕೊಡು. ರಾಗಿ ಒಲದಾಗೆ ನಡುನಡುವೆ ಅಕ್ಕಡಿ ಸಾಲಿಗೆ ಆಕ್ತಾಳೆ ನನ್ನೆಂಡ್ತಿ" ಅಂದರು. ಏನಂತೆ ಅಂತ ಅವಳು ನನ್ನನ್ನು ಕೇಳಿದಳು. ಅನುವಾದ ಮಾಡಿ ಹೇಳಿದೆ. ಅವಳು ಒಂದು ಬಟ್ಟೆಯ ಚೀಲದಲ್ಲಿ ಕಾಳು ತಂದು ಅವರ ಕೈಗಿಟ್ಟು, ಆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಮುನಿಶಾಮಣ್ಣ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದರು. "ಪಾಪ, ಗಂಡ ಸತ್ತೋಗವ್ನೆ ಅಲ್ವಾ, ಗ್ಯಾಪಕ ಬಂದಿರಬೇಕು" ಅಂತ ತಾವೇ ಸಮಾಧಾನ ಕಂಡುಕೊಂಡರು. ಆ ಕ್ಷಣ ನಾನು ಹೇಳಬಹುದಿತ್ತು. ಸಹಿ ಹಾಕುವುದು ಮಾರನೇ ದಿನವಿತ್ತು.

ಸಹಿ ಹಾಕಿದ ಮಾರನೇ ದಿನ, ಭಾನುವಾರ, ವಿಮಾನ ಹತ್ತಿ ಸೋಮವಾರ ಬೆಂಗಳೂರಲ್ಲಿ ಇಳಿದೆವು. ಕಾರ್ಖಾನೆಯ ಕಾರು ಬಂದಿತ್ತು. ಡ್ರೈವರಿಗೂ ಗೊತ್ತು, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ ಓಡಿಸಿದ. ಬಂಗಾರಪೇಟೆಗೆ ಬಂದಾಗ ಮುನಿಶಾಮಣ್ಣ ಕಾರು ನಿಲ್ಲಿಸು ಅಂದರು. ಲಚ್ಚಮ್ಮನಿಗೆ ಇಲ್ಲಿನ ಪಾನಿಪುರಿ ಅಂದರೆ ಪ್ರಾಣವಂತೆ, ಕಾಮಸಮುದ್ರದಿಂದ ಇಷ್ಟೊತ್ತಿಗೆ ಬಂದಿರುತ್ತಾಳಂತೆ. "ನೀರು ಬೇರೆ, ಪುರಿ ಬೇರೆ ಕಟ್ಟಪ್ಪ, ಮೆತ್ತಗಾದ್ರೆ ಬೈತಾಳೆ" ಅಂತ ಗಾಡಿಯವನಿಗೆ ನಿಂತು ಹೇಳಿದರು. ನಾನು ಕಾರಿಂದ ಇಳಿದೆ. ಅವರ ಹತ್ತಿರ ಹೋದೆ. "ಮುನಿಶಾಮಣ್ಣ" ಅಂದೆ. "ನಿನಗೂ ಒಂದು ಕಟ್ಟಿಸ್ಲಾ?" ಅಂದರು. ಬೇಡ ಅಂದೆ. ಅಷ್ಟೇ ನನ್ನ ಬಾಯಿಂದ ಬಂದದ್ದು.

ಬೂದಿಕೋಟೆ ದಾಟುವವರೆಗೂ ಆ ಪೊಟ್ಟಣವನ್ನು ತೊಡೆಯ ಮೇಲೆ ಅಲ್ಲಾಡದ ಹಾಗೆ ಹಿಡಿದುಕೊಂಡಿದ್ದರು. ಮನೆಯ ಮುಂದೆ ತಿಥಿಗೆ ಚಪ್ಪರ ಹಾಕಿದ್ದರು. ತಲೆ ಬೋಳಿಸಿಕೊಂಡ ನಾರಾಯಣಸ್ವಾಮಿ ಎದುರು ಬಂದು ಅಣ್ಣನ ಕಾಲಿಗೆ ಬಿದ್ದ. ಹೆಂಗಸರು ಒಮ್ಮೆಲೇ ಗೋಳೋ ಅಂತ ಶುರುಮಾಡಿದರು. ಮುನಿಶಾಮಣ್ಣ ಬೀಳಲಿಲ್ಲ, ಅವರ ಬಿಪಿಗೆ ಏನೂ ಆಗಲಿಲ್ಲ. ಪೊಟ್ಟಣ ಹಿಡಿದುಕೊಂಡೇ ಕೊಟ್ಟಿಗೆಗೆ ಹೋಗಿ ಒಳಗೆ ಇಣುಕಿ ನೋಡಿದರು. ಆಮೇಲೆ ಹೊಲದ ಕಡೆ ನಡೆದರು. ಹಸಿ ಮಣ್ಣಿನ ಗುಡ್ಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಯಾವತ್ತು?" ಅಂತ ಕೇಳಿದರು.

"ಆಚೆ ಬಾನುವಾರ ಅಣ್ಣ, ಎಂಟು ದಿನ ಆಯ್ತು" ಅಂದ ತಮ್ಮ.

"ಎಷ್ಟೊತ್ತಿಗೆ ಮಣ್ಣು ಮಾಡಿದ್ರಿ?"

"ಸಂಜೆ ಆರಕ್ಕೆ."

ಅವರು ಬೆರಳು ಮಡಿಚಿ ಲೆಕ್ಕ ಹಾಕಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. "ಅವಳನ್ನ ಮಣ್ಣಿಗಿಕ್ಕೋ ಒತ್ತಿಗೆ ನನ್ನ ಕೋಳಿ ತಿನ್ನಕ್ಕೆ ಬಿಟ್ಟಲ್ಲೋ ಪಾಟೀಲಪ್ಪ." ಜೋರಾಗಿ ಹೇಳಲಿಲ್ಲ, ಬೈಯಲೂ ಇಲ್ಲ. ನಾರಾಯಣಸ್ವಾಮಿ ಏನೋ ಸಮಜಾಯಿಷಿ ಹೇಳಲು ಹೋದ, ಕೈಯೆತ್ತಿ ನಿಲ್ಲಿಸಿದರು. ನಾನು ಅಲ್ಲಿಂದ ಬಂದುಬಿಟ್ಟೆ.

ತಿಂಗಳಾದ ಮೇಲೆ ಕೆಲಸಕ್ಕೆ ಬಂದರು. ಗೇಟಿನ ಒಳಗೂ 'ಸಾರ್', ಹೊರಗೂ 'ಸಾರ್'. ಕೇಳಿದ್ದಕ್ಕೆ ಉತ್ತರ, ಕೆಲಸದ ಮಾತು, ಅಷ್ಟೇ. ನಾನು ಎರಡು ಸಲ ಕ್ಷಮೆ ಕೇಳಲು ಹೋದೆ. ಮೊದಲ ಸಲ, "ಆಯಿಲ್ ಬದಲಾಯಿಸ್ಬೇಕು ಸಾರ್, ದಾರಿ ಬಿಡಿ" ಅಂದರು. ಎರಡನೇ ಸಲ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಯಂತ್ರದ ಕಡೆ ತಿರುಗಿದರು. ಯಂತ್ರ ಬಂದು ಕೂತಿತು, ನನಗೆ ಪ್ರಮೋಷನ್ನೂ ಆಯಿತು. ಶಾಪಿನಲ್ಲಿ ಸಿಹಿ ಹಂಚಿದೆ, ಅವರು ತೆಗೆದುಕೊಂಡು ಪಕ್ಕದವನಿಗೆ ಕೊಟ್ಟರು.

ಅದಾಗಿ ಎರಡು ವರ್ಷ. ಯಾವುದೋ ಬಿಡಿಭಾಗ ನೋಡಲು ನಾನು ಪುಣೆಗೆ ಹೋಗಿದ್ದೆ. ಬೆಳಿಗ್ಗೆ ಎಂಟೂವರೆಗೆ ಶಾಪಿನ ಫೋನಿನಿಂದ ಕರೆ ಬಂತು.

"ಸಾರ್, ಮುನಿಶಾಮಪ್ಪ ಮಾತಾಡ್ತಿರೋದು. ನಿಂತಿದ್ದೀರಾ, ಕೂತಿದ್ದೀರಾ?"

"ನಿಂತಿದ್ದೇನೆ. ಯಾಕೆ?"

"ಕೂತ್ಕೊಳ್ಳಿ."

ಕೂತೆ.

"ನಿಮ್ಮ ತಂದೆಯೋರು ತೀರ್ಕೊಂಡ್ರು. ಬೆಳಿಗ್ಗೆ ಆರು ಗಂಟೆಗೆ, ನಿದ್ದೆಯಾಗೆ. ನಿಮ್ಮ ಮನೆಯೋರು ಶಾಪಿಗೆ ಫೋನ್ ಮಾಡಿದ್ರು, ಉಸಾರಿಲ್ಲ ಅಂತ ಮಾತ್ರ ಯೋಳಿ ಕಳಿಸಿ ಅಂದ್ರು. ನಾನು ಅಂಗೆ ಯೋಳಲ್ಲ ಅಂದೆ. ನಿಮ್ಮ ಅಣ್ಣನೋರ ನಂಬರ್ ಇಸ್ಕೊಂಡು ಮಾತಾಡಿವ್ನಿ. ಇವತ್ತು ಮಾಡ್ಬೇಡಿ, ನಾಳೆ ಮಧ್ಯಾಹ್ನದ ತನಕ ಇಡಿ, ಮಗ ಬತ್ತಾರೆ ಅಂತ ಯೋಳಿವ್ನಿ. ಒಪ್ಪವ್ರೆ. ಓಗಿ ಮಖ ನೋಡಿ."

ಕೊನೆಗೆ, "ನೀರು ಕುಡ್ದು ಒರಡಿ ಸಾರ್" ಅಂದು ಇಟ್ಟರು. ಸುಮಾಗೆ ಫೋನು ಮಾಡಿದೆ. "ಮಾವಾರಿಗೆ ಸ್ವಲ್ಪ ಆರಾಮಿಲ್ಲಂತ್ರೀ" ಅಂತ ಅವಳು ಶುರುಮಾಡಿದಳು. "ನನಗ ಗೊತ್ತಾಗೇತಿ" ಅಂದೆ. ಆಗ ಅಲ್ಲಿ ಅವಳು, ಇಲ್ಲಿ ನಾನು, ಇಬ್ಬರೂ ಬಾಯಿಬಿಟ್ಟು ಅತ್ತೆವು.

ಕೆಲಸಕ್ಕೆ ಹಿಂದಿರುಗುವ ಹೊತ್ತಿಗೆ ಮುನಿಶಾಮಣ್ಣ ನಿವೃತ್ತರಾಗಿ ಹೋಗಿದ್ದರು. ಆ ಫೋನೇ ಅವರು ನನ್ನ ಜೊತೆ ಆಡಿದ ಕೊನೆಯ ಮಾತು. ಬೂದಿಕೋಟೆಯ ಬಸ್ಸನ್ನು ನಾನು ಒಮ್ಮೆ ಹತ್ತಿದ್ದೇನೆ, ಅರ್ಧ ದಾರಿಯಲ್ಲಿ ಇಳಿದು ವಾಪಸು ಬಂದಿದ್ದೇನೆ. ಅವರು ನನ್ನನ್ನು ಕ್ಷಮಿಸಿದ್ದಾರೆ ಅಂತ ನಾನು ಅಂದುಕೊಂಡಿಲ್ಲ. ಕ್ಷಮಿಸಿದ್ದರೆ ಪಾಟೀಲಪ್ಪ ಅನ್ನುತ್ತಿದ್ದರು.

ನಮ್ಮ ಲಿಂಗಾಯತರಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಆವತ್ತು ಪುಣೆಯಿಂದ ಹೋಗಿ ನೋಡಿದಾಗ ರಾಣೆಬೆನ್ನೂರಿನ ಮನೆಯಲ್ಲಿ ಅಪ್ಪ ಹಣೆತುಂಬ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ನಾನು ಎದುರಿಗೆ ನೆಲದ ಮೇಲೆ ಕೂತೆ. ಎಡಗೆನ್ನೆಯಲ್ಲಿ ಕ್ಷೌರದವನು ಬಿಟ್ಟುಹೋದ ನಾಲ್ಕು ಬಿಳಿ ಕೂದಲಿದ್ದವು. ಕೆಳದುಟಿ ಒಂದು ಬದಿಗೆ ಸ್ವಲ್ಪ ಇಳಿದಿತ್ತು. ಹುಬ್ಬು ಸಡಿಲವಾಗಿತ್ತು, ನೋವು ಪಟ್ಟ ಹಾಗೆ ಕಾಣಲಿಲ್ಲ. ಅದನ್ನು ನೋಡಿದ್ದೇ ನನ್ನ ಎದೆಯ ಭಾರ ಅರ್ಧ ಇಳಿಯಿತು. ಯಾರೂ ನನ್ನನ್ನು ಎಬ್ಬಿಸಲಿಲ್ಲ, ಬೇಕಾದಷ್ಟು ಹೊತ್ತು ನೋಡಿದೆ. ಲಚ್ಚಮ್ಮನ ಮುಖ ಕೊನೆಗೆ ಹೇಗಿತ್ತು ಅಂತ ಮುನಿಶಾಮಣ್ಣನಿಗೆ ಇವತ್ತಿಗೂ ಗೊತ್ತಿಲ್ಲ.